ಬಂದರಿನ ಬೇಲಿ ದಾಟಿದ ಮೇಲೆ: ಮೆಕ್ಸಿಕೊ ಕ್ರೂಸ್‌ನಲ್ಲಿ ನನ್ನ ಶಾಪಿಂಗ್ ಅನುಭವ

ನಾವಿರುವುದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. ಲಾಸ್ ಏಂಜಲೀಸ್ ಕಡೆಯ ಬಂದರುಗಳಿಂದ ಮೆಕ್ಸಿಕೊಗೆ ಒಂದು ವಾರದ ಕ್ರೂಸ್ ಹಡಗುಗಳು ಹೊರಡುತ್ತವೆ. ಕಾಬೊ ಸಾನ್ ಲೂಕಾಸ್, ಮಸಾತ್ಲಾನ್, ಪ್ವೆರ್ಟೊ ವಯಾರ್ಟಾ, ಹೆಚ್ಚಾಗಿ ಇವೇ ಮೂರು ಊರು. ಇಂಡಿಯಾದಿಂದ ಅಪ್ಪ ಅಮ್ಮ ಬಂದಾಗ ಅವರನ್ನು ಕರೆದುಕೊಂಡು ಹೋಗಲು ಇದು ಒಳ್ಳೆಯ ಪ್ರವಾಸ. ಜಾಸ್ತಿ ಓಡಾಟವಿಲ್ಲ, ಪೆಟ್ಟಿಗೆ ಎತ್ತಿಳಿಸುವ ಕೆಲಸವಿಲ್ಲ. ನಾವು ಹೋಗಿ ಬಂದಾಗಲೆಲ್ಲ ಗೆಳತಿಯರು ಕೇಳುವುದು ಒಂದೇ: ಅಲ್ಲಿ ಏನು ತಗೋಬೇಕು, ಹೇಗೆ ತಗೋಬೇಕು?

ನಾನು ಇಟ್ಟುಕೊಂಡಿರುವ ನಿಯಮ ಸುಲಭದ್ದು. ಹಡಗು ನಿಂತ ಊರಿನ ಸುತ್ತಮುತ್ತ ತಯಾರಾದ ವಸ್ತುವನ್ನು ಮೊದಲು ಹುಡುಕುತ್ತೇನೆ. ಮಾಡಿದವರೇ ಮಾರುತ್ತಿದ್ದರೆ ಇನ್ನೂ ಒಳ್ಳೆಯದು. ಯಾಕೆ ಅಂದರೆ, ಬಂದರಿನ ಬಾಗಿಲಲ್ಲೇ ಇರುವ ಅಂಗಡಿಗಳಲ್ಲಿ ಮೂರೂ ಊರಿನಲ್ಲಿ ಸಿಗುವುದು ಒಂದೇ ಸರಕು. ಅದೇ ಅಗಲ ಅಂಚಿನ ಟೋಪಿ, ಅದೇ ಬಣ್ಣದ ತಲೆಬುರುಡೆ, ಅದೇ ಫ್ರಿಜ್ ಮ್ಯಾಗ್ನೆಟ್. ಹಿಂದೆ ತಿರುಗಿಸಿ ನೋಡಿದರೆ ಎಷ್ಟೋ ವಸ್ತುಗಳ ಮೇಲೆ ಚೀನಾದಲ್ಲಿ ತಯಾರಾದದ್ದು ಎಂಬ ಚೀಟಿ ಇರುತ್ತದೆ. ಮೆಕ್ಸಿಕೊದಲ್ಲಿ ಕೈಕೆಲಸ ಬಲ್ಲ ಜನ ಊರೂರಲ್ಲೂ ಇದ್ದಾರೆ. ಅಷ್ಟು ದೂರ ಹೋಗಿ ಅವರ ಕೆಲಸ ನೋಡದೆ ಬರುವುದು ನನಗೆ ನಿಜವಾಗಿ ಬೇಸರ ತರುತ್ತದೆ.

ಹಡಗು ಹತ್ತಿದ ಕೂಡಲೇ ಶಾಪಿಂಗ್ ಬಗ್ಗೆ ಒಂದು ಭಾಷಣ ಇರುತ್ತದೆ, ಕೈಗೊಂದು ನಕ್ಷೆಯನ್ನೂ ಕೊಡುತ್ತಾರೆ. ಆ ನಕ್ಷೆಯಲ್ಲಿರುವುದು ಸಾಮಾನ್ಯವಾಗಿ ಪ್ರಚಾರಕ್ಕೆ ಹಣ ಕೊಟ್ಟ ಅಂಗಡಿಗಳು. ವಜ್ರ, ಗಡಿಯಾರ ಕೊಳ್ಳುವವರಿಗೆ ಅದು ಉಪಯೋಗಕ್ಕೆ ಬರಬಹುದು. ಕೈಕೆಲಸದ ವಸ್ತು ಬೇಕಾದವರಿಗೆ ಅದರಿಂದ ಏನೂ ಸಿಗುವುದಿಲ್ಲ. ನಾನು ಆ ಹೊತ್ತಿಗೆ ಡೆಕ್ ಮೇಲೆ ಕಾಫಿ ಹಿಡಿದು ಕೂರುತ್ತೇನೆ.

ಇಳಿಯುವ ಮೊದಲು ಗಡಿಯಾರದ ವಿಷಯ ನೋಡಿಕೊಳ್ಳಿ. ಮೆಕ್ಸಿಕೊದ ಹೆಚ್ಚಿನ ಭಾಗದಲ್ಲಿ ಬೇಸಿಗೆಗೆ ಗಡಿಯಾರ ಮುಂದಿಡುವ ಪದ್ಧತಿ 2022ರಲ್ಲಿ ನಿಂತಿತು, ನಮ್ಮ ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಇದೆ. ಹಾಗಾಗಿ ಬೇಸಿಗೆಯಲ್ಲಿ ಕಾಬೊ ಮತ್ತು ಮಸಾತ್ಲಾನ್ ನಮ್ಮ ಲಾಸ್ ಏಂಜಲೀಸ್ ಸಮಯದಲ್ಲೇ ಇರುತ್ತವೆ, ವಯಾರ್ಟಾ ಒಂದು ಗಂಟೆ ಮುಂದೆ. ಚಳಿಗಾಲದಲ್ಲಿ ಆ ಎರಡು ಊರು ಒಂದು ಗಂಟೆ, ವಯಾರ್ಟಾ ಎರಡು ಗಂಟೆ ಮುಂದೆ. ಫೋನು ತಾನಾಗಿಯೇ ಊರಿನ ಸಮಯಕ್ಕೆ ಬದಲಾಗುತ್ತದೆ, ಹಡಗಿನ ಗಡಿಯಾರ ಬದಲಾಗದೇ ಇರಬಹುದು. ಹಡಗು ಹೊರಡುವುದು ಅದರ ಗಡಿಯಾರದ ಪ್ರಕಾರ. ಅದಕ್ಕೇ ನಾನು ಮುಳ್ಳಿನ ಕೈಗಡಿಯಾರ ಕಟ್ಟಿಕೊಂಡು, ಹಡಗಿನ ಸಮಯಕ್ಕೇ ಇಟ್ಟುಕೊಳ್ಳುತ್ತೇನೆ.

ಇನ್ನು ದುಡ್ಡು. ಡಾಲರ್ ಎಲ್ಲರೂ ತಗೋತಾರೆ, ಆದರೆ ಲೆಕ್ಕ ಅವರಿಗೆ ಅನುಕೂಲವಾದದ್ದು. ನಾನು ಮೆಕ್ಸಿಕೊದ ಹಣ ಪೆಸೊವನ್ನು ಸಣ್ಣ ನೋಟುಗಳಲ್ಲಿ ಇಟ್ಟುಕೊಂಡು ಹೋಗುತ್ತೇನೆ. ಪೆಸೊಗೂ ಡಾಲರ್‌ಗೂ ಬರೆಯುವ ಗುರುತು ಒಂದೇ. ಚೀಟಿಯಲ್ಲಿ 300 ಎಂದು ಕಂಡರೆ ಹೆದರಬೇಡಿ, ಯಾವ ದುಡ್ಡು ಅಂತ ಕೇಳಿ. ಕಾರ್ಡ್ ಉಜ್ಜುವಾಗ ಯಂತ್ರ 'ಡಾಲರಾ, ಪೆಸೊನಾ' ಎಂದು ಕೇಳಿದರೆ ಪೆಸೊ ಒತ್ತಿ. ಡಾಲರ್ ಒತ್ತಿದರೆ ಅಂಗಡಿಯವರ ಬ್ಯಾಂಕ್ ತನ್ನ ದರ ಹಾಕುತ್ತದೆ, ಹೆಚ್ಚಾಗಿ ನಮಗೇ ನಷ್ಟ.

ಕಾಬೊದಲ್ಲಿ ನಾನು ಕೊಳ್ಳುವುದು ಕಡಿಮೆ. ಅಲ್ಲಿ ಹಡಗು ಕಡಲಲ್ಲೇ ಲಂಗರು ಹಾಕುತ್ತದೆ, ಸಣ್ಣ ದೋಣಿಯಲ್ಲಿ ದಡಕ್ಕೆ ಬರಬೇಕು. ದೋಣಿಯ ಸಾಲಿನಲ್ಲೇ ಅರ್ಧ ಬೆಳಗ್ಗೆ ಹೋಗುತ್ತದೆ. ಇಳಿದಲ್ಲೇ ಇರುವ ಮಳಿಗೆಗಳಲ್ಲಿ ಹೆಚ್ಚಿನದು ಹೊರಗಿನಿಂದ ಬಂದ ಸರಕು. ಆ ಊರಿಗೆ ಹೋಗುವುದು ಬಂಡೆಯ ಕಮಾನು ನೋಡಲಿಕ್ಕೆ, ಅಷ್ಟು ಸಾಕು.

ಮಸಾತ್ಲಾನ್ ಬೇರೆಯದೇ ಊರು. ಬಂದರಿನಿಂದ ಹಳೇ ಪೇಟೆಯವರೆಗೆ ರಸ್ತೆಯಲ್ಲಿ ನೀಲಿ ಗೆರೆ ಎಳೆದಿದ್ದಾರೆ, ಅದನ್ನು ಹಿಡಿದು ನಡೆದರೆ ಸಾಕು. ಕಾಲು ನೋವಿದ್ದವರು ಪುಲ್ಮೋನಿಯಾ ಎಂಬ ತೆರೆದ ಟ್ಯಾಕ್ಸಿ ಹತ್ತಬಹುದು. ಹತ್ತುವ ಮೊದಲೇ ಬಾಡಿಗೆ ಮಾತಾಡಿಕೊಳ್ಳಿ. ಪೇಟೆಯ ನಡುವೆ ಪಿನೊ ಸ್ವಾರೆಸ್ ಮಾರುಕಟ್ಟೆ ಇದೆ, ಕಬ್ಬಿಣದ ಚೌಕಟ್ಟಿನ ಹಳೇ ಕಟ್ಟಡ. ಅಲ್ಲಿಗೆ ಊರಿನವರು ತರಕಾರಿ, ಮೀನು ಕೊಳ್ಳಲು ಬರುತ್ತಾರೆ. ಅದಕ್ಕೇ ನನಗೆ ಆ ಜಾಗ ಇಷ್ಟ. ಅಂಗಡಿಯವರು ಅಂಗಿ ಹಿಡಿದು ಎಳೆಯುವುದಿಲ್ಲ.

ಅಲ್ಲಿ ನಾನು ಕೊಳ್ಳುವುದು ಅಡುಗೆ ಮನೆಗೆ. ಪಿಲೋನ್ಸಿಯೊ ಅಂತ ಕೋನಾಕಾರದ ಅಚ್ಚು ಸಿಗುತ್ತದೆ. ಕಬ್ಬಿನ ಹಾಲು ಕಾಯಿಸಿ ಮಾಡಿದ್ದು, ಅಂದರೆ ನಮ್ಮ ಬೆಲ್ಲವೇ. ಕಪ್ಪಗಿರುವುದನ್ನು ಆರಿಸಿ, ಪಾಯಸಕ್ಕೆ ಬಹಳ ಚೆನ್ನಾಗಿರುತ್ತದೆ. ಒಣ ಮೆಣಸಿನಕಾಯಿಯಲ್ಲಿ ಎಷ್ಟೊಂದು ಬಗೆ! ಗ್ವಾಹಿಯೊ ಎಂಬುದು ಬಣ್ಣ ಜಾಸ್ತಿ, ಖಾರ ಕಡಿಮೆ. ಬ್ಯಾಡಗಿ ಮುಗಿದಾಗ ನಾನು ಸಾರಿನ ಪುಡಿಗೆ ಇದನ್ನೇ ಹುರಿಯುತ್ತೇನೆ. ಹಮಾಯ್ಕಾ ಎಂಬ ಒಣಗಿದ ಕೆಂಪು ಹೂ ಸಿಗುತ್ತದೆ, ನಮ್ಮ ಪುಂಡಿ ಗಿಡದ ಬಳಗದ್ದು. ನೀರಿಗೆ ಹಾಕಿ ಕುದಿಸಿ ಸಕ್ಕರೆ ಬೆರೆಸಿದರೆ ಹುಳಿ ಹುಳಿ ಶರಬತ್ತು.

ವೆನಿಲ್ಲಾ ಬಗ್ಗೆ ಮಾತ್ರ ಸ್ವಲ್ಪ ಹೆಚ್ಚು ಹೇಳಬೇಕು. ವೆನಿಲ್ಲಾದ ತವರೇ ಮೆಕ್ಸಿಕೊ. ದೇಶದ ಪೂರ್ವ ಕರಾವಳಿಯ ವೆರಾಕ್ರೂಸ್ ರಾಜ್ಯದ ಪಪಾಂತ್ಲಾ ಅದಕ್ಕೆ ಹೆಸರಾದ ಊರು. ನಮ್ಮ ಚಿಕ್ಕಪ್ಪ ಮಲೆನಾಡಿನ ಅಡಿಕೆ ತೋಟದಲ್ಲಿ ವೆನಿಲ್ಲಾ ಬಳ್ಳಿ ಹಬ್ಬಿಸಿದ್ದರು. ಬೆಳಗ್ಗೆ ಎದ್ದು ಒಂದೊಂದೇ ಹೂವಿಗೆ ಕಡ್ಡಿಯಿಂದ ಪರಾಗ ಮುಟ್ಟಿಸುತ್ತಿದ್ದದ್ದು, ಕಾಯಿಯನ್ನು ತಿಂಗಳುಗಟ್ಟಲೆ ಹದ ಮಾಡುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಅಷ್ಟು ಕೆಲಸ ಇರುವ ಪದಾರ್ಥ ಲೀಟರ್ ಬಾಟಲಿಯಲ್ಲಿ ಮೂರು ನಾಲ್ಕು ಡಾಲರಿಗೆ ಸಿಗಲು ಸಾಧ್ಯವೇ ಇಲ್ಲ. ಬಂದರಿನ ಅಂಗಡಿಗಳಲ್ಲಿ ಸಾಲಾಗಿ ಇಟ್ಟಿರುವ ಅಗ್ಗದ ದೊಡ್ಡ ಬಾಟಲಿ ನಕಲಿ ಸುವಾಸನೆ ಬೆರೆಸಿದ ನೀರು. ಕೆಲವದರಲ್ಲಿ ವೆನಿಲ್ಲಾ ಹಾಗೇ ಘಮ ಇರುವ ಟೋಂಕಾ ಬೀಜದ ಸಾರ ಇರುತ್ತದೆ. ಅದರಲ್ಲಿರುವ ಕೂಮರಿನ್ ಎಂಬ ಅಂಶವನ್ನು ಅಮೆರಿಕದಲ್ಲಿ 1954ರಿಂದ ಆಹಾರಕ್ಕೆ ಸೇರಿಸುವಂತಿಲ್ಲ. ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುವವರು ಮನೆಯಲ್ಲಿದ್ದರೆ ಅದರ ಹತ್ತಿರವೂ ಹೋಗಬೇಡಿ. ಚೀಟಿಯಲ್ಲಿ ವೆನಿಲ್ಲಾ ಕಾಯಿ, ಮದ್ಯಸಾರ, ನೀರು ಇಷ್ಟೇ ಬರೆದಿರುವ ಸಣ್ಣ ಬಾಟಲಿ ಹುಡುಕಿ. ಮದ್ಯಸಾರ ಶೇಕಡಾ 35 ಇದ್ದರೆ ಒಳ್ಳೆಯ ಗುರುತು.

ಮೂರರಲ್ಲಿ ನನ್ನ ಮೆಚ್ಚಿನ ಊರು ಪ್ವೆರ್ಟೊ ವಯಾರ್ಟಾ. ಹಡಗು ನಿಲ್ಲುವುದು ಮರೀನಾ ಕಡೆ, ಹಳೇ ಊರು ಅಲ್ಲಿಂದ ಕೆಲವು ಮೈಲಿ. ಬಂದರಿನೊಳಗಿನ ಟ್ಯಾಕ್ಸಿಗೆ ಜಾಸ್ತಿ ಕೊಡಬೇಕು. ಬಾಗಿಲು ದಾಟಿ ಮುಖ್ಯ ರಸ್ತೆಗೆ ಬಂದು, ಗಾಜಿನ ಮೇಲೆ 'ಸೆಂತ್ರೊ', ಅಂದರೆ ಊರಿನ ನಡುಭಾಗ, ಎಂದು ಬರೆದ ಬಸ್ ಹತ್ತಿದರೆ ಸ್ವಲ್ಪ ಪೆಸೊದಲ್ಲೇ ಊರೊಳಗೆ ಇಳಿಯಬಹುದು. ಕ್ವಾಲೆ ಹೊಳೆಯ ದಡದಲ್ಲಿ ಮುನಿಸಿಪಲ್ ಮಾರುಕಟ್ಟೆ ಇದೆ. ಕೆಳಗೆ ಕರಕುಶಲ ವಸ್ತುಗಳು, ಮೇಲೆ ಊಟದ ಅಂಗಡಿಗಳು. ಇಲ್ಲಿ ಚೌಕಾಸಿ ನಡೆಯುತ್ತದೆ. 'ಆಲ್ಮೋಸ್ಟ್ ಫ್ರೀ' ಎಂದು ಕೂಗಿ ಕರೆಯುತ್ತಾರೆ. ನಕ್ಕು ಮುಂದೆ ಹೋಗಿ, ಒಂದು ಸುತ್ತು ಸುಮ್ನೆ ನೋಡಿ, ಆಮೇಲೆ ಬೆಲೆ ಕೇಳಿ.

ಈ ಸೀಮೆಯ ನಿಜವಾದ ಸಂಪತ್ತು ವಿಶಾರಿಕಾ ಜನರ ಮಣಿ ಕೆಲಸ. ಹೊರಗಿನವರು ಇವರನ್ನು ಹುಯಿಚೋಲ್ ಎನ್ನುತ್ತಾರೆ. ಹಲಿಸ್ಕೊ, ನಯಾರಿತ್ ರಾಜ್ಯಗಳ ಬೆಟ್ಟದ ಊರುಗಳು ಇವರ ನೆಲೆ. ಮರದ ಜಿಂಕೆ, ಹಲ್ಲಿ, ಸೋರೆ ಬುರುಡೆಯ ಬಟ್ಟಲು, ಹೀಗೆ ಯಾವುದಾದರೂ ಒಂದಕ್ಕೆ ಜೇನುಮೇಣ ಮತ್ತು ಪೈನ್ ಮರದ ಅಂಟನ್ನು ಬೆರೆಸಿ ತೆಳ್ಳಗೆ ಬಳಿಯುತ್ತಾರೆ. ಅದರ ಮೇಲೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಗಾಜಿನ ಮಣಿಗಳನ್ನು ಒಂದೊಂದಾಗಿ ಒತ್ತುತ್ತಾರೆ. ಮಲೆಕೋನ್ ಎಂಬ ಕಡಲ ದಾರಿಯ ಬದಿಯಲ್ಲಿ ಒಬ್ಬ ಹೆಂಗಸು ಕೂತು ಬಟ್ಟಲು ಮಾಡುತ್ತಿದ್ದರು. ಸೂಜಿಯ ತುದಿಯಲ್ಲಿ ಮಣಿ ಎತ್ತಿ, ಮೇಣದ ಮೇಲಿಟ್ಟು, ಹೆಬ್ಬೆರಳ ಉಗುರಿನಿಂದ ಮೆಲ್ಲಗೆ ಒತ್ತುವುದು. ಮಣಿಯ ತೂತು ಮೇಲ್ಮುಖವಾಗಿಯೇ ಕೂರಬೇಕು. ನಡುವಿನಿಂದ ಶುರುವಾಗಿ ಜೋಳದ ತೆನೆ ಮೂಡಿತು, ಅದರ ಸುತ್ತ ಜಿಂಕೆ. ಕೆಳಗೆ ಬರೆದುಕೊಂಡ ಗೆರೆ ಏನೂ ಇರಲಿಲ್ಲ. ಅಮ್ಮ ಅಲ್ಲೇ ಕಲ್ಲುಕಟ್ಟೆಯ ಮೇಲೆ ಕೂತುಬಿಟ್ಟರು. 'ಅವಸರ ಮಾಡಬೇಡ ಮಾರಾಯ್ತಿ, ಈ ಸಾಲು ಮುಗೀಲಿ, ನೋಡಣ' ಎಂದರು. ಜಿಂಕೆ, ಜೋಳ, ಪೆಯೋಟೆ ಎಂಬ ಕಳ್ಳಿ, ಈ ಮೂರೂ ಅವರಿಗೆ ಪೂಜೆಯ ವಿಷಯ, ಸುಮ್ಮನೆ ಅಂದಕ್ಕೆ ಹಾಕಿದ್ದಲ್ಲ.

ನಕಲಿ ಗುರುತಿಸುವುದು ಕಷ್ಟವಲ್ಲ. ನಿಜವಾದದ್ದರಲ್ಲಿ ಅಂಚಿನ ಮೇಣವನ್ನು ಉಗುರಿನಿಂದ ಒತ್ತಿದರೆ ಸ್ವಲ್ಪ ಬಗ್ಗುತ್ತದೆ. ನಕಲಿಯಲ್ಲಿ ಗಟ್ಟಿ ಅಂಟು ಇರುತ್ತದೆ, ಒಳಗೆ ಮರದ ಬದಲು ಅಚ್ಚಿನಲ್ಲಿ ಎರಕ ಹೊಯ್ದ ರಾಳ. ಮೇಣದ ಕೆಲಸವಾದ್ದರಿಂದ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಇದನ್ನು ಬಿಡಲೇಬೇಡಿ, ಮಣಿ ಜಾರುತ್ತದೆ. ಮನೆಯಲ್ಲೂ ಕಿಟಕಿಯಿಂದ ದೂರ ಇಡಿ. ಕೊಳ್ಳುವಾಗ 'ಉಸ್ತೆದ್ ಲೊ ಈಸೊ?' ಎಂದು ಕೇಳುತ್ತೇನೆ, ನೀವೇ ಮಾಡಿದ್ರಾ ಅಂತ. ಮಾಡಿದವರ ಮುಖ ಅರಳುತ್ತದೆ, ಎಷ್ಟು ದಿನ ಹಿಡಿಯಿತು, ಚಿತ್ರದ ಅರ್ಥ ಏನು ಎಂದು ಹೇಳಲು ಶುರು ಮಾಡುತ್ತಾರೆ. 'ಹೇಳಿದ್ದರ ಅರ್ಧಕ್ಕೆ ಕೇಳಿ' ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಮಾರುಕಟ್ಟೆಯ ಮಳಿಗೆಯಲ್ಲಿ ಸರಿ. ಸೂಜಿ ಹಿಡಿದು ಎದುರಿಗೇ ಕೂತವರ ಹತ್ತಿರ ನಾನು ಹಾಗೆ ಕೇಳುವುದಿಲ್ಲ. ಅವರ ಹತ್ತಿರ ಎರಡು ಮೂರು ವಸ್ತು ತಗೊಂಡು, 'ಒಟ್ಟಿಗೆ ಎಷ್ಟಕ್ಕೆ ಕೊಡ್ತೀರಿ' ಎನ್ನುತ್ತೇನೆ. ಅವರಿಗೂ ವ್ಯಾಪಾರ, ನನಗೂ ಸಮಾಧಾನ.

ವಯಾರ್ಟಾದಲ್ಲಿ ನಾನು ಕೊಂಡ ಇನ್ನೊಂದು ವಸ್ತು ಮೊಲ್ಕಹೇತೆ, ಮೂರು ಕಾಲಿನ ಕಲ್ಲಿನ ಕುಟ್ಟಾಣಿ. ಅಮ್ಮ ನೋಡಿದ ಕೂಡಲೇ 'ಇದು ನಮ್ಮನೆ ಒರಳಿನ ತಮ್ಮನ ಹಾಗಿದೆ' ಎಂದರು. ನಿಜವಾದದ್ದು ಜ್ವಾಲಾಮುಖಿಯ ಕಪ್ಪು ಕಲ್ಲಿನಿಂದ ಕಡೆದದ್ದು. ಕಲ್ಲಿನ ಪುಡಿಗೆ ಸಿಮೆಂಟ್ ಕಲಸಿ ಅಚ್ಚು ಹಾಕಿದ್ದೂ ಅದರ ಪಕ್ಕದಲ್ಲೇ ಮಾರಾಟಕ್ಕಿರುತ್ತದೆ. ಕಡೆದ ಕಲ್ಲಿನ ತೂತುಗಳು ಒಂದೊಂದು ಒಂದೊಂದು ಗಾತ್ರ, ಉಳಿಯ ಗುರುತು ಕಾಣುತ್ತದೆ. ತಳವನ್ನು ಬೀಗದ ಕೈಯಿಂದ ಗೀರಿ ನೋಡಿ. ಬೂದಿ ಬಣ್ಣದ ಪುಡಿ ಸುಲಭವಾಗಿ ಉದುರಿದರೆ ಅಲ್ಲೇ ಬಿಟ್ಟು ಬನ್ನಿ. ಭಾರದ ಚಿಂತೆ ಬೇಡ. ಹಡಗಿನಲ್ಲಿ ವಿಮಾನದ ಹಾಗೆ ಪೆಟ್ಟಿಗೆ ತೂಗುವುದಿಲ್ಲ, ಇಳಿದು ನೇರ ಕಾರಿಗೆ ಹಾಕಿದರಾಯಿತು. ಮನೆಗೆ ತಂದ ಮೇಲೆ ಹದ ಮಾಡಬೇಕು. ಒಣ ಅಕ್ಕಿ ಒಂದು ಹಿಡಿ ಹಾಕಿ ಅರೆಯಿರಿ, ಹಿಟ್ಟು ಬೂದಿ ಬಣ್ಣಕ್ಕೆ ಬರುತ್ತದೆ, ಚೆಲ್ಲಿ. ಹಿಟ್ಟು ಬೆಳ್ಳಗೆ ಬರುವವರೆಗೂ ಇದೇ ಕೆಲಸ. ಕೊನೆಗೆ ಬೆಳ್ಳುಳ್ಳಿ, ಉಪ್ಪು, ಜೀರಿಗೆ ಅರೆದು ತೊಳೆದರೆ ಚಟ್ನಿಗೆ ತಯಾರು. ತೊಳೆಯಲು ಸೋಪು ಹಾಕಬೇಡಿ, ಕಲ್ಲು ಹೀರಿಕೊಳ್ಳುತ್ತದೆ.

ಬಣ್ಣದ ಮಣ್ಣಿನ ಪಾತ್ರೆ ನೋಡಿದರೆ ಎಲ್ಲರಿಗೂ ಆಸೆಯಾಗುತ್ತದೆ, ಅಲ್ವಾ? ಆದರೆ ಹಳೇ ಪದ್ಧತಿಯ ಹೊಳಪಿನ ಲೇಪದಲ್ಲಿ ಸೀಸ ಎಂಬ ವಿಷದ ಲೋಹ ಇರುತ್ತದೆ. ಹುಳಿ ಪದಾರ್ಥ ಅದನ್ನು ಎಳೆದುಕೊಳ್ಳುತ್ತದೆ. ನಮ್ಮ ಅಡುಗೆಯೋ ಸಾರು, ಹುಳಿ, ಉಪ್ಪಿನಕಾಯಿ! ತಳದಲ್ಲಿ 'ಸಿನ್ ಪ್ಲೋಮೊ', ಅಂದರೆ ಸೀಸವಿಲ್ಲ ಎಂದು ಬರೆದಿಲ್ಲದಿದ್ದರೆ ಗೋಡೆಗೆ ತೂಗು ಹಾಕಿ, ಊಟಕ್ಕೆ ಬಳಸಬೇಡಿ. ತಲವೇರಾ ಎಂಬುದು ಮೆಕ್ಸಿಕೊದ ಹೆಸರಾಂತ ಬಣ್ಣದ ಮಣ್ಣಿನ ಪಾತ್ರೆ, ಆದರೆ ತಲವೇರಾ ಎಂದು ಹೇಳುವ ಎಲ್ಲವೂ ತಲವೇರಾ ಅಲ್ಲ. ಆ ಹೆಸರಿನ ಹಕ್ಕಿರುವುದು ಪುಎಬ್ಲಾ, ತ್ಲಾಸ್ಕಾಲಾ ಕಡೆಯ ಗೊತ್ತಾದ ಊರುಗಳ ಕುಂಬಾರಿಕೆ ಕಾರ್ಖಾನೆಗಳಿಗೆ ಮಾತ್ರ. ಅಸಲಿಯ ತಳದಲ್ಲಿ ಕಾರ್ಖಾನೆಯ ಹೆಸರು ಇರುತ್ತದೆ, ಬೆಲೆಯೂ ಚೆನ್ನಾಗಿಯೇ ಇರುತ್ತದೆ.

ಬೆಳ್ಳಿಯನ್ನು ಸಮುದ್ರ ದಡದಲ್ಲಿ ತಿರುಗಿ ಮಾರುವವರಿಂದ ಕೊಳ್ಳುವುದಿಲ್ಲ. ಅದು ಹೆಚ್ಚಾಗಿ ಅಲ್ಪಾಕಾ, ತಾಮ್ರ ಮತ್ತು ನಿಕ್ಕಲ್ ಬೆರೆಸಿದ ಲೋಹ, ಬೆಳ್ಳಿ ಒಂದು ಚೂರೂ ಇಲ್ಲ. ಅಯಸ್ಕಾಂತ ಹಿಡಿದು ನೋಡಿ ಎನ್ನುತ್ತಾರೆ. ಅಂಟಿಕೊಂಡರೆ ಖಂಡಿತ ಬೆಳ್ಳಿಯಲ್ಲ, ಆದರೆ ಅಲ್ಪಾಕಾ ಕೂಡ ಅಂಟಿಕೊಳ್ಳುವುದಿಲ್ಲ. ಹಾಗಾಗಿ ಅದೊಂದನ್ನೇ ನಂಬಬೇಡಿ. 925 ಗುರುತು (ಅಂದರೆ ಶೇಕಡಾ 92.5 ಬೆಳ್ಳಿ), ಮಾಡಿದವರ ಮುದ್ರೆ, ಎದುರಿಗೇ ತೂಗಿ ಬಿಲ್ ಕೊಡುವ ಅಂಗಡಿ, ಈ ಮೂರೂ ಇದ್ದರೆ ನಾನು ಕೊಳ್ಳುತ್ತೇನೆ.

ಅಮೆರಿಕಕ್ಕೆ ವಾಪಸ್ ಬರುವಾಗ ಇಲ್ಲಿ ವಾಸವಿರುವ ಒಬ್ಬರಿಗೆ ಸಾಮಾನ್ಯವಾಗಿ 800 ಡಾಲರ್‌ವರೆಗೆ ಸುಂಕವಿಲ್ಲ. 21 ವರ್ಷ ತುಂಬಿದವರು ಒಂದು ಲೀಟರ್ ಮದ್ಯವನ್ನು ಸುಂಕವಿಲ್ಲದೆ ತರಬಹುದು. ಅಗಾವೆ ಎಂಬ ಗಿಡದಿಂದ ಮಾಡುವ ಟೆಕಿಲಾ ಮದ್ಯ ತರುವವರು ಚೀಟಿಯಲ್ಲಿ ಶೇಕಡಾ 100 ಅಗಾವೆ ಎಂದಿದೆಯಾ ನೋಡಲಿ. ಹಡಗಿನವರು ಬಾಟಲಿಯನ್ನು ಬಾಗಿಲಲ್ಲೇ ಇಟ್ಟುಕೊಂಡು ಪ್ರವಾಸದ ಕೊನೆಗೆ ಕೊಡುತ್ತಾರೆ. ಕ್ಯೂಬಾದ ಚುಟ್ಟ ತರುವಂತಿಲ್ಲ. ಕಡಲಾಮೆಯ ಚಿಪ್ಪಿನ ಬಳೆ, ಬಾಚಣಿಗೆ ಯಾರು ಎಷ್ಟೇ ಹೇಳಿದರೂ ಮುಟ್ಟಬೇಡಿ, ಅದು ಅಪರಾಧ. ಕಪ್ಪು ಹವಳಕ್ಕೆ ಪರವಾನಗಿ ಪತ್ರ ಬೇಕು. ಹಸಿ ಹಣ್ಣು ತರುವ ಯೋಚನೆಯೇ ಬೇಡ. ಬೆಲ್ಲ, ಒಣ ಮೆಣಸಿನಕಾಯಿ, ಹೂವಿನ ಪೊಟ್ಟಣಗಳನ್ನು ನಾನು ಒಂದೇ ಚೀಲದಲ್ಲಿ ಮೇಲೆಯೇ ಇಟ್ಟುಕೊಂಡು, ಕೇಳುವ ಮೊದಲೇ ಅಧಿಕಾರಿಗೆ ತೋರಿಸುತ್ತೇನೆ. ನೋಡಿ, ಸರಿ ಎಂದು ಕಳಿಸುತ್ತಾರೆ.