ನಾಲ್ವರು ಕೂಡಿ ಹೆದರಲು ಲಿನಕ್ಸ್ ಸಾಕು

ಕೆಂಗೇರಿಯ ಗೆಳೆಯನ ಮನೆಯಲ್ಲಿ ಕುಕ್ಕರ್ ಕೂಗಿತು. ಅದೇ ಹೊತ್ತಿಗೆ ‘ಲೀಥಲ್ ಕಂಪನಿ’ ಆಟದ ಕತ್ತಲಲ್ಲಿ ನಾವು ನಾಲ್ವರೂ ಉಸಿರು ಬಿಗಿಹಿಡಿದು ನಿಂತಿದ್ದೆವು. ಅಲ್ಲಿ ಕಣ್ಣಿಲ್ಲದ ನಾಯಿಗಳಿವೆ. ಅವಕ್ಕೆ ಕಾಣಿಸದು, ಆದರೆ ನಮ್ಮ ಮೈಕಿನಿಂದ ಬಂದ ಸದ್ದೂ ಕೇಳಿಸುತ್ತದೆ. ಮೂರನೇ ಕೂಗಿಗೆ ನಾಯಿ ಅವನತ್ತ ತಿರುಗಿತು. ಒಬ್ಬರೇ ಕೂತು ಆಡುವ ಆಟದಲ್ಲಿ ಈ ಭಯ ಸಿಗುವುದಿಲ್ಲ. ಯಲಹಂಕ, ಕೆಂಗೇರಿ, ವೈಟ್‌ಫೀಲ್ಡ್ ಎಂದು ಚೆದುರಿಹೋದ ನಾವು ಶನಿವಾರ ರಾತ್ರಿ ಸೇರುವುದು ಹೀಗೆಯೇ. ನಮ್ಮಲ್ಲಿ ಇಬ್ಬರದು ವಿಂಡೋಸ್, ಇನ್ನಿಬ್ಬರದು ಅದರ ಬದಲಿಗೆ ಕಂಪ್ಯೂಟರ್ ನಡೆಸುವ ಉಚಿತ ವ್ಯವಸ್ಥೆಯಾದ ಲಿನಕ್ಸ್. ಆಡುವಾಗ ಅದು ಯಾರಿಗೂ ಗೊತ್ತಾಗುವುದಿಲ್ಲ.

ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 11ಕ್ಕೆ ಏರಲಾಗದ ಲ್ಯಾಪ್‌ಟಾಪ್ ನಿಮ್ಮ ಮನೆಯಲ್ಲಿದ್ದರೆ, ಎಸ್‌ಪಿ ರಸ್ತೆಗೆ ಒಯ್ದು ಸಿಕ್ಕಷ್ಟಕ್ಕೆ ಮಾರುವ ಮೊದಲು ಲಿನಕ್ಸ್ ಹಾಕಿ ನೋಡಿ. ಲಿನಕ್ಸ್‌ನಲ್ಲಿ ಆಟ ಶುರುಮಾಡುವವರಿಗೆ ಕೂಡಿ ಆಡುವ ಭಯದ ಆಟಗಳಷ್ಟು ಒಳ್ಳೆಯ ಬಾಗಿಲು ಬೇರೆ ಇಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪೈಪೋಟಿಯ ದೊಡ್ಡ ಆಟಗಳು ಮೋಸ ತಡೆಯಲೆಂದು ಸಿಸ್ಟಮ್‌ನ ಆಳಕ್ಕೆ ಕಾವಲು ಹಾಕುತ್ತವೆ. ಎಷ್ಟೋ ಆಟಗಳು ಲಿನಕ್ಸ್‌ನಲ್ಲಿ ಓಡದಿರುವುದಕ್ಕೆ ಅದೇ ಕಾರಣ. ನಾಲ್ಕು ಜನ ಗೆಳೆಯರು ದೆವ್ವದಿಂದ ತಪ್ಪಿಸಿಕೊಳ್ಳುವ ಆಟದಲ್ಲಿ ಯಾರು ಯಾರಿಗೆ ಮೋಸ ಮಾಡಬೇಕು? ಹಾಗಾಗಿ ಇಂಥವುಗಳಲ್ಲಿ ಬಹಳಷ್ಟಕ್ಕೆ ಆ ಕಾವಲೇ ಇಲ್ಲ.

ಮೊದಲು ಡ್ರೈವರ್, ಆಮೇಲೆ ಆಟ

ಲಿನಕ್ಸ್‌ಗೆ ಹಲವು ರೂಪಗಳಿವೆ, ಹೊಸಬರಿಗೆ ನಾನು ಹೇಳುವುದು ಲಿನಕ್ಸ್ ಮಿಂಟ್. ಹಾಕಿದ ಮೇಲೆ ಮೆನುವಿನಲ್ಲಿ ‘ಡ್ರೈವರ್ ಮ್ಯಾನೇಜರ್’ ತೆರೆಯಿರಿ (ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ತಂತ್ರಾಂಶವೇ ಡ್ರೈವರ್). ಎನ್‌ವಿಡಿಯಾ ಕಾರ್ಡ್ ಇದ್ದರೆ ‘ರೆಕಮೆಂಡೆಡ್’ ಎಂದು ತೋರಿಸುವುದನ್ನು ಆರಿಸಿ, ಒಮ್ಮೆ ರೀಸ್ಟಾರ್ಟ್ ಮಾಡಿ. ಎಎಂಡಿ, ಇಂಟೆಲ್‌ನವರಿಗೆ ಬೇಕಾದದ್ದು ಸಿಸ್ಟಮ್ ಜೊತೆಗೇ ಬಂದಿರುತ್ತದೆ. ಆಟಗಳನ್ನು ಕೊಂಡು ಆಡುವ ಅಂಗಡಿಯಾದ ಸ್ಟೀಮ್ ಅನ್ನು ಸಾಫ್ಟ್‌ವೇರ್ ಮ್ಯಾನೇಜರ್‌ನಿಂದಲೇ ಹಾಕಿಕೊಳ್ಳಿ. ಲಿನಕ್ಸ್‌ನ ಇನ್ನೊಂದು ರೂಪವಾದ ಉಬುಂಟು ಬಳಸುವವರು ಅದರ ಸಾಫ್ಟ್‌ವೇರ್ ಅಂಗಡಿಯ ಸ್ನ್ಯಾಪ್ ಆವೃತ್ತಿ ಬಿಟ್ಟು, ಸ್ಟೀಮ್ ತಾಣದಲ್ಲಿ ಸಿಗುವ ಡೆಬ್ ಫೈಲ್ ಹಾಕುವುದು ಲೇಸು.

ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಸ್ಟೀಮ್ ಪ್ಲೇ ಈಗಿನ ಸ್ಟೀಮ್‌ನಲ್ಲಿ ತಾನಾಗಿಯೇ ಆನ್ ಆಗಿರುತ್ತದೆ. ಇದರ ಹಿಂದೆ ಕೆಲಸ ಮಾಡುವುದು ಪ್ರೋಟಾನ್. ಸ್ಟೀಮ್‌ನ ಒಡೆಯ ವಾಲ್ವ್ ಕಂಪನಿ 2018ರ ಆಗಸ್ಟ್‌ನಲ್ಲಿ ಇದನ್ನು ಹೊರತಂದಿತು. ವಿಂಡೋಸ್ ಆಟ ಕೇಳುವುದನ್ನೆಲ್ಲ ವೈನ್ ಎಂಬ ತಂತ್ರಾಂಶ ಲಿನಕ್ಸ್‌ಗೆ ತಿಳಿಯುವಂತೆ ಹೇಳುತ್ತದೆ. ಚಿತ್ರ ಬಿಡಿಸಲು ವಿಂಡೋಸ್ ಆಟಗಳು ಬಳಸುವ ಡೈರೆಕ್ಟ್‌ಎಕ್ಸ್ ಆದೇಶಗಳಲ್ಲಿ ಹೆಚ್ಚಿನವನ್ನು, ಲಿನಕ್ಸ್‌ನಲ್ಲಿ ಅದೇ ಕೆಲಸ ಮಾಡುವ ವಲ್ಕನ್‌ಗೆ ಬದಲಿಸುವುದು ಡಿಎಕ್ಸ್‌ವಿಕೆ. ಇತ್ತೀಚಿನ ಪ್ರೋಟಾನ್‌ಗೆ ವಲ್ಕನ್ 1.3 ಬೇಕು, ಆದ್ದರಿಂದ ತೀರಾ ಹಳೆಯ ಕಾರ್ಡ್ ಇಲ್ಲಿ ಸೋಲುತ್ತದೆ.

ಅಂಥ ಯಂತ್ರದವರು ‘ಲೆಫ್ಟ್ 4 ಡೆಡ್ 2’ರಿಂದ ಶುರುಮಾಡಿ. 2009ರ ಆಟ, 2013ರಲ್ಲಿ ಲಿನಕ್ಸ್‌ಗೇ ಬಂತು, ಪ್ರೋಟಾನ್ ಬೇಕಿಲ್ಲ. ನಾಲ್ವರ ಅವಸ್ಥೆ ನೋಡಿಕೊಂಡು ಜೋಂಬಿಗಳನ್ನು ಹೆಚ್ಚು ಕಡಿಮೆ ಮಾಡುವ ‘ಡೈರೆಕ್ಟರ್’ ಅದರಲ್ಲಿದೆ. ಅದರಿಂದಾಗಿ ಒಂದೇ ಹಾದಿ ಎರಡನೇ ಸಲ ಬೇರೆಯೇ ಆಗುತ್ತದೆ. ದೆವ್ವದ ಜಾತಿ ಪತ್ತೆಹಚ್ಚುವ ‘ಫ್ಯಾಸ್ಮೋಫೋಬಿಯಾ’ (2020), ಗುಜರಿ ಹೆಕ್ಕುವ ‘ಲೀಥಲ್ ಕಂಪನಿ’ (2023) ಪ್ರೋಟಾನ್‌ನಲ್ಲಿ ಓಡುತ್ತವೆ. ಕೊಳ್ಳುವ ಮೊದಲು ಪ್ರೋಟಾನ್‌ಡಿಬಿ ತಾಣದಲ್ಲಿ ನಿಮ್ಮಂಥದೇ ಕಾರ್ಡ್ ಇರುವವರ ಅನುಭವ ಓದಿ. ಕೊಂಡ ಮೇಲೂ ಓಡದಿದ್ದರೆ, 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಸ್ಟೀಮ್ ಹಣ ಹಿಂದಿರುಗಿಸುತ್ತದೆ.

ನನ್ನ ಒಂದು ರಾತ್ರಿ ನುಂಗಿದ ಪಾರ್ಟಿಷನ್

ಡೌನ್‌ಲೋಡ್ ಉಳಿಸೋಣವೆಂದು ವಿಂಡೋಸ್‌ನ ಹಳೆಯ ಡ್ರೈವ್‌ನಲ್ಲಿದ್ದ ಆಟವನ್ನೇ ನಾನು ಸ್ಟೀಮ್‌ಗೆ ತೋರಿಸಿದ್ದೆ. ‘ಪ್ಲೇ’ ಒತ್ತಿದರೆ ಗುಂಡಿ ‘ಸ್ಟಾಪ್’ ಆಗುತ್ತಿತ್ತು, ಮೂರು ಸೆಕೆಂಡಿಗೆ ಮತ್ತೆ ‘ಪ್ಲೇ’. ಯಾವ ಸಂದೇಶವೂ ಇಲ್ಲ. ಗೆಳೆಯರು ಕಾದು ಕಾದು ಮಲಗಿದರು. ಕಾರಣ ಸಿಕ್ಕಿದ್ದು ಮಾರನೆಯ ದಿನ. ಪ್ರತಿ ಆಟಕ್ಕೂ ಪ್ರೋಟಾನ್ ಒಂದು ಪುಟ್ಟ ವಿಂಡೋಸ್ ಮನೆ ಕಟ್ಟುತ್ತದೆ, ಅದರೊಳಗೆ ಸಿ ಡ್ರೈವ್ ಹೆಸರಿನ ಒಂದು ಕೊಂಡಿ ಇಡುತ್ತದೆ. ಆ ‘c:’ ಹೆಸರಿನಲ್ಲಿ ಬರುವ ಕೋಲನ್ ಚಿಹ್ನೆಯನ್ನು ವಿಂಡೋಸ್‌ನ ಎನ್‌ಟಿಎಫ್‌ಎಸ್ ಡ್ರೈವ್‌ನಲ್ಲಿ ಬಳಸುವಂತಿಲ್ಲ. ಲಿನಕ್ಸ್‌ನ ಇಎಕ್ಸ್‌ಟಿ4 ಪಾರ್ಟಿಷನ್‌ಗೆ, ಅಂದರೆ ಡಿಸ್ಕ್‌ನಲ್ಲಿ ಲಿನಕ್ಸ್ ರೀತಿಯಲ್ಲಿ ಸಿದ್ಧಪಡಿಸಿದ ಭಾಗಕ್ಕೆ, ಆಟವನ್ನು ಹೊಸದಾಗಿ ಇಳಿಸಿಕೊಂಡೆ, ಮೊದಲ ಒತ್ತಿಗೇ ತೆರೆಯಿತು. ದಯವಿಟ್ಟು ಆಟಗಳನ್ನು ಲಿನಕ್ಸ್ ಪಾರ್ಟಿಷನ್‌ನಲ್ಲೇ ಇಡಿ.

ಮೊದಲ ಸಲ ‘ವಲ್ಕನ್ ಶೇಡರ್’ (ಚಿತ್ರ ಬಿಡಿಸುವ ಪುಟ್ಟ ಪ್ರೋಗ್ರಾಂಗಳು) ಸಿದ್ಧವಾಗುತ್ತಿದೆ ಎಂಬ ಕಿಟಕಿ ಬಂದರೆ ‘ಸ್ಕಿಪ್’ ಒತ್ತಬೇಡಿ. ಕಾದರೆ ಆಟದ ನಡುವೆ ಚಿತ್ರ ತಡವರಿಸುವುದು ಕಡಿಮೆ. ಆಮೇಲೂ ತೊಂದರೆಯಾದರೆ ಆಟದ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ ಕಂಪ್ಯಾಟಿಬಿಲಿಟಿಯಲ್ಲಿ ‘ಪ್ರೋಟಾನ್ ಎಕ್ಸ್‌ಪೆರಿಮೆಂಟಲ್’ ಆರಿಸಿ ನೋಡಿ.

ಮೈಕ್ ಅರ್ಧ ಆಟ

‘ಲೀಥಲ್ ಕಂಪನಿ’ಯಲ್ಲಿ ಗೆಳೆಯ ದೂರ ಹೋದಂತೆ ಅವನ ದನಿಯೂ ಸಣ್ಣದಾಗುತ್ತದೆ, ಮಾತಿನ ನಡುವೆ ಥಟ್ಟನೆ ನಿಂತರೆ ಏನೋ ಆಯಿತೆಂದೇ ಅರ್ಥ. ‘ಫ್ಯಾಸ್ಮೋಫೋಬಿಯಾ’ದಲ್ಲಿ ಬೇಟೆಗಿಳಿದ ದೆವ್ವವೂ ನಿಮ್ಮ ಮಾತು ಕೇಳಿಸಿಕೊಂಡು ಬರುತ್ತದೆ. ಆದ್ದರಿಂದ ಬ್ಲೂಟೂತ್ ಹೆಡ್‌ಸೆಟ್ ಬೇಡ. ಅದರ ಮೈಕ್ ಆನ್ ಆದೊಡನೆ ಫೋನ್ ಕರೆಯ ಗುಣಮಟ್ಟಕ್ಕೆ ಇಳಿಯುವುದೇ ಹೆಚ್ಚು, ಹೆಜ್ಜೆ ಸದ್ದು ಎಡದಿಂದಲೋ ಬಲದಿಂದಲೋ ತಿಳಿಯುವುದಿಲ್ಲ. ವೈರ್ ಇರುವ ಸಾದಾ ಹೆಡ್‌ಸೆಟ್ ಹಾಕಿ. ಆಟ ತೆರೆಯುವ ಮೊದಲೇ ಸೌಂಡ್ ಸೆಟ್ಟಿಂಗ್ಸ್‌ನ ‘ಇನ್‌ಪುಟ್’ನಲ್ಲಿ ಅದೇ ಆಯ್ಕೆಯಾಗಿದೆಯೇ, ಮಾತಾಡಿದಾಗ ಸದ್ದಿನ ಮಟ್ಟ ತೋರಿಸುವ ಪಟ್ಟಿ ಕುಣಿಯುತ್ತದೆಯೇ ನೋಡಿ. ಮನೆಯಲ್ಲಿ ಸದ್ದು ಜಾಸ್ತಿ ಇದ್ದರೆ ಗುಂಡಿ ಒತ್ತಿದಾಗ ಮಾತ್ರ ಮೈಕ್ ತೆರೆಯುವ ಆಯ್ಕೆ ಇಟ್ಟುಕೊಳ್ಳಿ. ಕೆಂಗೇರಿಯ ಗೆಳೆಯ ಈಗ ಹಾಗೆಯೇ ಆಡುತ್ತಾನೆ.

ಕೊನೆಗೆ, ಎಲ್ಲರ ಆಟವೂ ಒಂದೇ ಆವೃತ್ತಿಯಲ್ಲಿರಲಿ. ‘ಲೀಥಲ್ ಕಂಪನಿ’ಯಲ್ಲಿ ಆಟ ನಡೆಯುವುದು ಕೋಣೆ ತೆರೆದವರ ಕಂಪ್ಯೂಟರಿನಲ್ಲಿ. ಅವರ ಕರೆಂಟ್ ಹೋದರೆ ಎಲ್ಲರ ಆಟವೂ ಹೋಯಿತು. ಮಳೆಗಾಲದ ಬೆಂಗಳೂರಿನಲ್ಲಿ ಆ ಕೆಲಸವನ್ನು, ಫೈಬರ್ ಸಂಪರ್ಕವಿದ್ದು ಕಂಪ್ಯೂಟರಿಗೂ ರೂಟರ್‌ಗೂ ಯುಪಿಎಸ್ ಇಟ್ಟುಕೊಂಡವರಿಗೇ ವಹಿಸಿ.