ಪಾಸ್ ಕೊಟ್ಟವನನ್ನು ನೋಡುವವರು ಯಾರು?

ಬಾಸ್ಕೆಟ್‌ಬಾಲ್‌ನಲ್ಲಿ ಪಾಯಿಂಟ್ ಗಾರ್ಡ್‌ಗೆ, ಅಂದರೆ ಬಾಲ್ ತಂದು ಪಾಸ್ ಕೊಟ್ಟು ಆಟ ನಡೆಸುವವನಿಗೆ, ಮ್ಯಾಚ್ ಕಷ್ಟ ಅಲ್ಲ, ಸೆಲೆಕ್ಷನ್ ಟ್ರಯಲ್ಸ್ ಕಷ್ಟ. ಬಂದ ಹುಡುಗರೆಲ್ಲ ತಂತಮ್ಮ ಬಾಸ್ಕೆಟ್ ಹಾಕಿ ತೋರಿಸಬೇಕು ಅಂತಲೇ ಬಂದಿರುತ್ತಾರೆ. ಬಾಲ್ ಕೊಟ್ಟರೆ ವಾಪಸ್ ಬರುವುದಿಲ್ಲ. ಎತ್ತರ ಇದ್ದವನು ಸುಮ್ನೆ ನಿಂತರೂ ಸೆಲೆಕ್ಟರ್ ಕಣ್ಣಿಗೆ ಬೀಳುತ್ತಾನೆ. ನನ್ನಂಥ ಕುಳ್ಳ ಏನು ಮಾಡಬೇಕು?

ಮಲ್ಲೇಶ್ವರದ ಓಪನ್ ಕೋರ್ಟ್‌ನಲ್ಲಿ ಆಡಿ ಬೆಳೆದವನು ನಾನು. ಕಂಠೀರವ ಇಂಡೋರ್ ಸ್ಟೇಡಿಯಂನಲ್ಲಿ ಟ್ರಯಲ್ಸ್ ಇದ್ದರೆ ಅರ್ಧ ಗಂಟೆ ಮೊದಲೇ ಹೋಗುತ್ತಿದ್ದೆ. ವಾರ್ಮಪ್‌ನಲ್ಲಿ ಎತ್ತರದ ಹುಡುಗರ ಹೆಸರು ಕೇಳಿಕೊಳ್ಳುತ್ತಿದ್ದೆ. ಯಾವ ಕೈ ಬಳಸುತ್ತಾರೆ, ಓಡುತ್ತಾ ಬಾಲ್ ಹಿಡಿಯುತ್ತಾರಾ, ನೋಡಿಟ್ಟುಕೊಳ್ಳುತ್ತಿದ್ದೆ. ಆಟ ಶುರುವಾದ ಮೇಲೆ ಅವರಲ್ಲಿ ಒಬ್ಬನಿಗೆ ಬೇಗ ಎರಡು ಸುಲಭದ ಲೇಅಪ್ (ಬಾಸ್ಕೆಟ್ ಹತ್ತಿರ ಹೋಗಿ ಹಾಕುವ ಶಾಟ್) ಸಿಗುವ ಹಾಗೆ ಪಾಸ್ ಕೊಡುತ್ತಿದ್ದೆ. ಆಮೇಲೆ ಅವನೇ ನನ್ನನ್ನು ಹುಡುಕಿಕೊಂಡು ಬಂದು ಸ್ಕ್ರೀನ್ ಹಾಕುತ್ತಾನೆ, ಅಂದರೆ ನನ್ನ ಡಿಫೆಂಡರ್‌ಗೆ ಅಡ್ಡ ನಿಲ್ಲುತ್ತಾನೆ. ಇದು ಸ್ವಾರ್ಥ ಅಂದರೆ ಸ್ವಾರ್ಥವೇ!

ಇನ್ನೊಂದು, ಬಾಯಿ. ಇಡೀ ಕೋರ್ಟ್‌ಗೆ ಕೇಳುವಂತೆ ಕೂಗಬೇಕು. ಬೆಂಗಳೂರಿನ ಟೀಮ್ ಅಂದರೆ ಒಬ್ಬನಿಗೆ ಕನ್ನಡ, ಒಬ್ಬನಿಗೆ ತಮಿಳು, ಇನ್ನೊಬ್ಬನಿಗೆ ಹಿಂದಿ. 'ಸ್ಕ್ರೀನ್ ಲೆಫ್ಟ್', 'ಸ್ವಿಚ್' (ನೀನು ಅವನನ್ನು ಹಿಡಿ, ನಾನು ಇವನನ್ನು) ಇಷ್ಟು ಎಲ್ಲರಿಗೂ ಅರ್ಥವಾಗುತ್ತದೆ. ಸೆಲೆಕ್ಟರ್‌ಗೆ ಪಾಸ್ ಕಾಣದೇ ಇರಬಹುದು, ಧ್ವನಿ ಕೇಳದೇ ಇರುವುದಿಲ್ಲ.

ರಾಜ್ಯ ತಂಡ ಸೇರಿದ ಮೇಲೆ ಕಲಿಯಬೇಕಾಗಿದ್ದು ಬೇರೆಯೇ. ಬಾಲ್ ಸಿಕ್ಕ ಮೇಲೆ ಶಾಟ್ ಹೊಡೆಯಲು ಶಾಟ್ ಕ್ಲಾಕ್‌ನಲ್ಲಿ ಇರುವುದು 24 ಸೆಕೆಂಡ್. ಅದರಲ್ಲಿ 8 ಸೆಕೆಂಡ್ ಒಳಗೆ ಬಾಲ್ ಕೋರ್ಟ್‌ನ ನಡುಗೆರೆ ದಾಟಬೇಕು. ಎದುರಾಳಿ ಮೈಮೇಲೆ ಬಿದ್ದು ಒತ್ತಿದರೆ ದಾಟುವಷ್ಟರಲ್ಲೇ ಆರೇಳು ಸೆಕೆಂಡ್ ಹೋಗಿರುತ್ತದೆ. ಉಳಿದದ್ದರಲ್ಲಿ ಪ್ಲೇ ಹೇಳಿ, ಎಲ್ಲರೂ ಜಾಗಕ್ಕೆ ಬಂದು, ಪಿಕ್ ಅಂಡ್ ರೋಲ್ (ಒಬ್ಬ ಸ್ಕ್ರೀನ್ ಹಾಕಿ, ತಿರುಗಿ ಬಾಸ್ಕೆಟ್ ಕಡೆ ಓಡುವ ಆಟ) ಶುರುವಾಗಬೇಕು. ಸ್ಕ್ರೀನ್ ದಾಟುವಾಗ ಜಾಸ್ತಿ ಹುಡುಗರು ತಮ್ಮನ್ನು ತಡೆಯಲು ನಿಂತ ಡಿಫೆಂಡರ್‌ನನ್ನೇ ನೋಡುತ್ತಾರೆ. ನಾನು ನೋಡುತ್ತಿದ್ದುದು ಸ್ಕ್ರೀನ್ ಹಾಕಿದವನನ್ನು ತಡೆಯಲು ನಿಂತ ಎತ್ತರದ ಡಿಫೆಂಡರ್‌ನನ್ನು. ಅವನು ಮುಂದೆ ಬಂದರೆ ರೋಲ್ ಮಾಡುವವನಿಗೆ ಪಾಸ್. ಹಿಂದೆ ನಿಂತರೆ ನಾನೇ ಶಾಟ್. ಮೂಲೆಯಿಂದ ಮೂರನೆಯವನು ಸಹಾಯಕ್ಕೆ ಬಂದರೆ ಬಾಲ್ ಆ ಮೂಲೆಗೆ. ಇಷ್ಟೇ. ಆದರೆ ನೋಡಿ, ಯೋಚಿಸಿ, ಆಮೇಲೆ ಕೊಟ್ಟರೆ ತಡ. ಅವನ ಪಾದ ಅಲುಗಾಡುವಾಗಲೇ ಬಾಲ್ ಕೈಬಿಟ್ಟಿರಬೇಕು.

ದುಡ್ಡಿನ ವಿಷಯಕ್ಕೆ ಬರೋಣ. ನಮ್ಮಲ್ಲಿ ಪ್ರೊಫೆಷನಲ್ ಅಂದರೆ ಬಹುಪಾಲು ಕ್ರೀಡಾ ಕೋಟಾದ ಕೆಲಸ: ರೈಲ್ವೆ, ಬ್ಯಾಂಕ್, ಇನ್‌ಕಮ್ ಟ್ಯಾಕ್ಸ್, ಕಸ್ಟಮ್ಸ್. ಲೀಗ್ ನಂಬಿ ಕೂರುವ ಹಾಗಿಲ್ಲ. ಯುಬಿಎ ಅನ್ನುವ ಬಾಸ್ಕೆಟ್‌ಬಾಲ್ ಲೀಗ್ 2015ರಲ್ಲಿ ಶುರುವಾದಾಗ ಬೆಂಗಳೂರು ಬೀಸ್ಟ್ ಅಂತ ನಮ್ಮೂರಿಗೂ ಒಂದು ಟೀಮ್ ಬಂತು, ಎಷ್ಟು ಖುಷಿಪಟ್ಟಿದ್ದೆವು! 2017ರ ನಂತರ ಆ ಲೀಗೇ ಇಲ್ಲ. ಕೆಲಸ ಕೊಟ್ಟ ಸಂಸ್ಥೆಯೂ ಹಾಗೇ ಇರುತ್ತದೆ ಅನ್ನುವಂತಿಲ್ಲ. ಬಾಸ್ಕೆಟ್‌ಬಾಲ್ ತಂಡ ಇದ್ದ ವಿಜಯಾ ಬ್ಯಾಂಕ್ 2019ರ ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಬರೋಡಾ ಜೊತೆ ವಿಲೀನವಾಯಿತಲ್ವಾ?

ನನಗೂ ಒಂದು ಬ್ಯಾಂಕಿನಲ್ಲೇ ಕೆಲಸ ಸಿಕ್ಕಿತು. ಬೆಳಿಗ್ಗೆ ಕ್ಯಾಶ್ ಕೌಂಟರ್, ಮಧ್ಯಾಹ್ನದ ಮೇಲೆ ಪ್ರಾಕ್ಟೀಸ್. ಬೇಗ ಎದ್ದು ಹೊರಟರೆ ಪಕ್ಕದ ಕೌಂಟರಿನವರ ಮುಖ ಸಣ್ಣದಾಗುತ್ತಿತ್ತು, ಅವರ ಸಾಲೂ ಉದ್ದವಾಗುತ್ತಿತ್ತಲ್ಲ, ಪಾಪ. ಟೂರ್ನಮೆಂಟ್ ಇದ್ದಾಗ ವಿಶೇಷ ರಜೆ.

ಮೂವತ್ತು ದಾಟಿದ ಮೇಲೆ ಕಾಲಿನ ವೇಗ ಹೋಯಿತು. ವಿಚಿತ್ರ ಅಂದರೆ ನಾನು ಚೆನ್ನಾಗಿ ಆಡಿದ್ದು ಆಗಲೇ. ಓಡಿ ದಾಟಲು ಆಗದಿದ್ದಾಗ ನಿಲ್ಲುವುದನ್ನು ಕಲಿತೆ. ಜೋರಾಗಿ ಬಂದು ತಟ್ಟನೆ ನಿಂತರೆ ಚಿಕ್ಕ ವಯಸ್ಸಿನ ಡಿಫೆಂಡರ್ ಎರಡು ಹೆಜ್ಜೆ ಮುಂದೆ ಹೋಗಿರುತ್ತಾನೆ.

ಈಗ ಪೂರ್ತಿ ಬ್ರಾಂಚ್ ಕೆಲಸ. ಜೊತೆಗೆ ಸೇರಿದವರು ಪ್ರಮೋಷನ್ ಪರೀಕ್ಷೆ ಬರೆದು ಮೇಲೆ ಹೋಗಿದ್ದಾರೆ. ನಾನು ಈ ವರ್ಷ ಬರೆಯುತ್ತಿದ್ದೇನೆ. ಕೋಟಾದಲ್ಲಿ ಹೊಸದಾಗಿ ಸೇರಿದ ಹುಡುಗ ಬೇಗ ಹೊರಟಾಗ ಅವನ ಟೋಕನ್‌ಗಳೆಲ್ಲ ನನ್ನ ಕೌಂಟರ್‌ಗೇ ಬರುತ್ತವೆ.