ಚಕ್ರ ತೋರಿಸಿದ್ದು 4, ಡ್ರೈವ್ ತಿಳಿದುಕೊಂಡದ್ದು 1

ಸನ್ ಕಂಪನಿಯ ಹಳೆಯ ಕಂಪ್ಯೂಟರ್ ಸ್ಪಾರ್ಕ್‌ಸ್ಟೇಷನ್ 5 ಒಂದರಲ್ಲಿ ಉಳಿದಿದ್ದ ಕಡತಗಳನ್ನು ಟೇಪಿಗೆ ಇಳಿಸಿ, ಆ ಯಂತ್ರವನ್ನು ಬಿಡುಗಡೆ ಮಾಡಬೇಕಿತ್ತು. ಅರ್ಧ ದಿನದ ಕೆಲಸ ಎಂದುಕೊಂಡಿದ್ದೆ. ಮೂರು ದಿನ ಹಿಡಿಯಿತು.

ಟೇಪ್ ಡ್ರೈವ್ ಡಿಡಿಎಸ್-2 ಮಾದರಿಯದು, ಪ್ರತ್ಯೇಕ ಪೆಟ್ಟಿಗೆಯಲ್ಲಿತ್ತು. ಪೆಟ್ಟಿಗೆಯ ಮೇಲೆ ‘5’ ಎಂದಷ್ಟೇ ಬರೆದ, ಮಾಸಿದ ಚೀಟಿ. ಯಾವುದೋ ದಾಸ್ತಾನಿನ ಸಂಖ್ಯೆ ಇರಬೇಕೆಂದು ಸುಮ್ಮನಾದೆ. ಕೇಬಲ್ ಸಿಕ್ಕಿಸಿ ಯಂತ್ರ ಚಾಲೂ ಮಾಡಿದರೆ ಬೂಟ್ ಆಗಲೇ ಇಲ್ಲ. ಟೇಪ್ ಕಳಚಿದರೆ ಸಲೀಸಾಗಿ ಎದ್ದು ಕೂರುತ್ತಿತ್ತು.

ಈ ಯಂತ್ರದಲ್ಲಿ ಡಿಸ್ಕ್, ಸಿಡಿ, ಟೇಪ್ ಎಲ್ಲವೂ ಒಂದೇ ಸ್ಕಜಿ ಬಸ್, ಅಂದರೆ ಸಾಧನಗಳನ್ನು ಸಾಲಾಗಿ ಜೋಡಿಸುವ ಒಂದೇ ತಂತಿದಾರಿ, ಹಂಚಿಕೊಳ್ಳುತ್ತವೆ. ಪ್ರತಿ ಸಾಧನಕ್ಕೂ ಅದರದೇ ಸಂಖ್ಯೆ ಬೇಕು, ಇರುವುದು 0ಯಿಂದ 7ರವರೆಗೆ ಎಂಟೇ. 7 ಬಸ್ಸನ್ನು ನಡೆಸುವ ಕಂಟ್ರೋಲರ್‌ನದು. ಸನ್ ಯಂತ್ರಗಳ ರೂಢಿಯಂತೆ ಬೂಟ್ ಡಿಸ್ಕ್ 3, ಒಳಗಿನ ಎರಡನೆಯ ಡಿಸ್ಕ್ 1, ಸಿಡಿ 6, ಟೇಪಿಗೆ 4 ಅಥವಾ 5. ಒಂದೇ ಸಂಖ್ಯೆ ಇಬ್ಬರಿಗಿದ್ದರೆ, ಕಂಟ್ರೋಲರ್ ಕರೆದಾಗ ಇಬ್ಬರೂ ಒಟ್ಟಿಗೆ ‘ಓ’ ಎನ್ನುತ್ತಾರೆ. ಅಲ್ಲಿಗೆ ಮಾತುಕತೆ ಮುಗಿಯಿತು.

ಆದರೆ ಪೆಟ್ಟಿಗೆಯ ಹಿಂದಿನ, ಈ ಸಂಖ್ಯೆ ಆರಿಸುವ ಪುಟ್ಟ ಚಕ್ರ 4 ತೋರಿಸುತ್ತಿತ್ತು. ಅಲ್ಲಿ ಘರ್ಷಣೆಗೆ ಕಾರಣವೇ ಇಲ್ಲ. ಪೆನ್ನಿನ ಮೊನೆಯಿಂದ ಗುಂಡಿ ಒತ್ತಿ 5 ಮಾಡಿದೆ. ಯಂತ್ರ ಬೂಟ್ ಆಯಿತು, ಟೇಪ್ ಕೂಡ ಕಾಣಿಸಿತು. ಬುದ್ಧಿವಂತನಾದರೆ ಅಲ್ಲಿಗೇ ಬಿಡುತ್ತಿದ್ದ. ನನಗೆ 4 ಯಾಕಾಗದು ಎಂಬ ಪ್ರಶ್ನೆ ರಾತ್ರಿಯಿಡೀ ಕೊರೆಯಿತು.

ಮರುದಿನ ಡಿಸ್ಕ್‌ಗಳೆರಡನ್ನೂ ಸಿಡಿ ಡ್ರೈವನ್ನೂ ಹೊರಗೆಳೆದೆ. ತಾನಾಗಿ ಬೂಟ್ ಆಗದಂತೆ ಮಾಡಿ, ಯಂತ್ರವನ್ನು ರೀಸೆಟ್ ಮಾಡಿ, ‘ಓಕೆ’ ಪ್ರಾಂಪ್ಟ್‌ನಲ್ಲಿ, ಬಸ್‌ನ ಮೇಲೆ ಯಾವ ಸಂಖ್ಯೆಯಲ್ಲಿ ಯಾರಿದ್ದಾರೆಂದು ಹೇಳುವ ಪ್ರೋಬ್-ಸ್ಕಜಿ ಆದೇಶ ಕೊಟ್ಟೆ. (ಓಡುತ್ತಿರುವ ವ್ಯವಸ್ಥೆಯನ್ನು ಸ್ಟಾಪ್-ಎ ಒತ್ತಿ ನಿಲ್ಲಿಸಿ, ರೀಸೆಟ್ ಮಾಡದೆ ಈ ಆದೇಶ ಕೊಟ್ಟರೆ ಯಂತ್ರ ಹೆಪ್ಪುಗಟ್ಟಿ ಕೂರಬಹುದು.) ಚಕ್ರದಲ್ಲಿ 4, ಪರದೆಯ ಮೇಲೆ ‘ಟಾರ್ಗೆಟ್ 1’, ಟೇಪ್. ಪ್ರತಿ ಸಲ ಪೆಟ್ಟಿಗೆಯನ್ನು ಆರಿಸಿ ಹಚ್ಚಿ, ಒಂದೊಂದೇ ಸಂಖ್ಯೆ ಪರೀಕ್ಷಿಸಿದೆ. 1 ಕೊಟ್ಟರೆ 4. 3 ಕೊಟ್ಟರೆ 6. 0, 2 ಮತ್ತು 5 ಮಾತ್ರ ಇದ್ದಂತೆಯೇ ಬರುತ್ತಿದ್ದವು.

ಕಾಗದದ ಮೇಲೆ ಬೈನರಿಯಲ್ಲಿ ಬರೆದಾಗ ಗುಟ್ಟು ಬಯಲಾಯಿತು. 4 ಎಂದರೆ 100, ತಿರುಗಿಸಿ ಓದಿದರೆ 001. 3 ಎಂದರೆ 011, ತಿರುಗಿಸಿದರೆ 110. 5 ಎಂದರೆ 101, ಯಾವ ಕಡೆಯಿಂದ ಓದಿದರೂ ಅದೇ. ಪೆಟ್ಟಿಗೆ ಬಿಚ್ಚಿ ನೋಡಿದರೆ, ಚಕ್ರದಿಂದ ಡ್ರೈವ್‌ಗೆ ಬರುವ ಮೂರು ಜೋಡಿ ತಂತಿಗಳಲ್ಲಿ ಮೊದಲನೆಯದನ್ನೂ ಮೂರನೆಯದನ್ನೂ ಯಾರೋ ಅದಲುಬದಲಾಗಿ ಸಿಕ್ಕಿಸಿದ್ದರು. ನನ್ನ ಟೇಪ್ ನಾಲ್ಕರ ವೇಷದಲ್ಲಿ ಹೋಗಿ ಎರಡನೆಯ ಡಿಸ್ಕ್‌ನ ಬಾಗಿಲು ತಟ್ಟುತ್ತಿತ್ತು. ತಂತಿ ಸರಿಪಡಿಸಲು ಒಂದು ನಿಮಿಷವೂ ಬೇಕಾಗಲಿಲ್ಲ.

ಮೂರನೆಯ ದಿನ ಹೋದದ್ದು ಟರ್ಮಿನೇಟರ್‌ಗೆ, ಅಂದರೆ ತಂತಿಯ ತುದಿಯಲ್ಲಿ ಸಂಕೇತ ಹಿಂದಕ್ಕೆ ಪುಟಿಯದಂತೆ ತಡೆಯುವ ಬಿರಡೆಗೆ. ಸಣ್ಣ ಕಡತಗಳು ಟೇಪಿಗೆ ಇಳಿಯುತ್ತಿದ್ದವು. ಇಡೀ ಡಿಸ್ಕ್ ಇಳಿಸಲು ಹೊರಟರೆ ಅರ್ಧದಲ್ಲಿ ಬಸ್ ರೀಸೆಟ್ ಆಗಿ, ಡಿಸ್ಕ್ ಮೇಲೆಯೇ ದೂರು ಬರುತ್ತಿತ್ತು. ಡಿಸ್ಕ್ ಸಾಯುತ್ತಿದೆಯೆಂದು ಹೆದರಿದೆ. ಟೇಪಿನ ಹೆಡ್ ಒರೆಸಿದೆ. ಎರಡೂ ವ್ಯರ್ಥ. ಸ್ಕಜಿ ಬಸ್‌ಗೆ ಎರಡು ತುದಿಗಳಲ್ಲಿ ಒಂದೊಂದೇ ಟರ್ಮಿನೇಟರ್ ಇರಬೇಕು. ಇಲ್ಲಿ ಪೆಟ್ಟಿಗೆಯ ಹಿಂಬದಿಗೆ ನಾನೇ ಒಂದು ಹಾಕಿದ್ದೆ. ಡ್ರೈವ್‌ನ ಒಳಗೆ ಜಂಪರ್ (ಪಿನ್ನುಗಳನ್ನು ಜೋಡಿಸುವ ಪುಟ್ಟ ಕೊಂಡಿ) ಮೂಲಕ ಇನ್ನೊಂದು ಆಗಲೇ ಚಾಲೂ ಇತ್ತು. ಹೀಗೆ ಒಂದೇ ತುದಿಯಲ್ಲಿ ಎರಡಾಗಿದ್ದವು. ಹಗುರ ಕೆಲಸದಲ್ಲಿ ಹೇಗೋ ಸಾಗುತ್ತಿದ್ದ ಬಸ್, ಟೇಪ್ ಮತ್ತು ಡಿಸ್ಕ್ ಎಡೆಬಿಡದೆ ದುಡಿಯತೊಡಗಿದಾಗ ಎಡವುತ್ತಿತ್ತು. ಜಂಪರ್ ಕಿತ್ತೆ. ಎರಡು ಮೀಟರ್ ಕೇಬಲ್ ತೆಗೆದು ಗಿಡ್ಡದೊಂದನ್ನು ಹಾಕಿದೆ. 10 ಮೆಗಾಹರ್ಟ್ಸ್‌ನ ಫಾಸ್ಟ್ ಸ್ಕಜಿಗೆ ಒಳಗಿನ ತಂತಿಯೂ ಸೇರಿ 3 ಮೀಟರ್ ಮಿತಿ. ದೂರು ಮತ್ತೆ ಬರಲಿಲ್ಲ.

ಟೇಪನ್ನು ಹಿಂದಕ್ಕೆ ಸುತ್ತಿ, ಬರೆದದ್ದನ್ನೆಲ್ಲ ಮೊದಲಿನಿಂದ ಓದಿಸಿ, ಡಿಸ್ಕ್‌ನ ಕಡತಗಳೊಂದಿಗೆ ಹೋಲಿಸಿದೆ. ಸರಿಯಿತ್ತು. ಆಮೇಲೆ ಪೆಟ್ಟಿಗೆಯ ಮೇಲಿನ ಆ ‘5’ರ ಚೀಟಿ ಕಣ್ಣಿಗೆ ಬಿತ್ತು. ನನಗಿಂತ ಮೊದಲೇ ಯಾರೋ ಇದೇ ದಾರಿಯಲ್ಲಿ ಬಂದು, ನಡುವೆಯೇ ನಿಂತು, ಗುರುತು ಹಾಕಿ ಹೋಗಿದ್ದರು. ಉಗುರಿನಿಂದ ಕೆರೆದು ತೆಗೆದೆ.